ಹನ್ನೆರಡು ಮೊಳ ಶಾಂತಿ

ಬಟ್ಟೆಯ ಹಿಂದೆ ಏನೋ ಹರಿದಾಡುತ್ತಿದೆ, ಹಲ್ಲಿಯೇನೋ, ಅಲ್ಲ, ಬೆರಳು, ನಾನು ಹೊಲಿದ ಬ್ಯಾನರಿನಲ್ಲಿ ಶಾಂತಿಯಾತ್ರೆ ಎಂದು ಬರೆದ ಜಾಗದ ಕೆಳಗೆ ಒಂದು ಉಬ್ಬು ಹಿಂದಕ್ಕೆ ಮುಂದಕ್ಕೆ ತೆವಳುತ್ತಿದೆ — ಆ ಮುದುಕಿಯದು, ಪಕ್ಕದಿಂದ ಬಟ್ಟೆಯ ಹಿಂದಕ್ಕೆ ಕೈ ತೂರಿಸಿದ್ದಾಳೆ, ನಾವು ಬಸ್ಸಿಳಿದಾಗಲೇ ಇಲ್ಲಿದ್ದಳು, ಮಡಚುವ ಕುರ್ಚಿ ಹಾಕಿಕೊಂಡು, ಗೋಡೆಯಲ್ಲಿ ಕೊರೆದ ಒಂದು ಹೆಸರಿನ ಮೇಲೆ ಬೆರಳಿಟ್ಟು. ಯುದ್ಧದಲ್ಲಿ ಸತ್ತವರ ಹೆಸರುಗಳಂತೆ, ಎರಡೂ ಭಾಷೆ ಬಲ್ಲ, ದಾರಿ ತೋರಿಸುವ ಹುಡುಗಿ ಹೇಳಿದಳು, ಇವರ ಮಗನದೂ ಇದೆ, ಕಣ್ಣು ಮಂಜು, ಬೆರಳಲ್ಲೇ ಓದ್ತಾರೆ. ಅಂಥವಳನ್ನು ಕುರ್ಚಿ ಸಮೇತ ಪಕ್ಕಕ್ಕೆ ಸರಿಸಿದೆವು, ಇಪ್ಪತ್ತೆರಡು ಜನ, ಒಂದೇ ಬಣ್ಣದ ಟೋಪಿ, ಪರದೇಶಕ್ಕೆ ಶಾಂತಿ ಹೊತ್ತು ತಂದವರು, ಸರಿಸುವಾಗ ಎಷ್ಟು ನಯ, ಗಾಜಿನ ಸಾಮಾನೇನೋ ಎಂಬಂತೆ. ಬ್ಯಾನರು ದೊಡ್ಡದಾಗೇ ಇರಲಿ ಮಗಳೇ, ಆ ತುದಿಯಿಂದ ಈ ತುದಿ, ಎಂದಿದ್ದರು ಪಾದ್ರಿಗಳು, ಅಳತೆ ಬರೆದುಕೊಂಡದ್ದು ನಾನೇ, ಹನ್ನೆರಡು ಮೊಳ, ಗಾಳಿಗೆ ಎದ್ದರೆ ಫೋಟೋ ಕೆಡುತ್ತೆ ಎಂದು ಕೆಳಗಿನ ಅಂಚಿನೊಳಗೆ ಸರಪಳಿ ಸೇರಿಸಿ ಎರಡು ಸಾಲು ಹೊಲಿಗೆ ಹಾಕಿದ್ದೂ ನಾನೇ, ಅದಕ್ಕೇ ಅವಳ ಕೈಗೆ ಏಳುತ್ತಿಲ್ಲ, ಎಂಥ ಕೆಲಸಗಾತಿ ನಾನು, ಭೇಷ್. ಮುದುಕಿ ಏನೋ ಅಂದಳು. ಏನಂತೆ ಎಂದರು ಪಾದ್ರಿಗಳು. ಇದನ್ನ ಯಾವಾಗ ತೆಗೀತೀರಾ ಅಂತಾರೆ, ಅವರ ಬಸ್ಸಿಗೆ ಹೊತ್ತಾಯ್ತಂತೆ, ಎಂದಳು ಹುಡುಗಿ. ಎರಡೇ ನಿಮಿಷ ಅನ್ನು, ಅವರಿಗೋಸ್ಕರಾನೇ ಪ್ರಾರ್ಥನೆ ಮಾಡ್ತಿರೋದು ಅಂತ ಹೇಳು. ಹುಡುಗಿ ಅದನ್ನು ಮುದುಕಿಗೆ ದಾಟಿಸಲಿಲ್ಲ. ಎರಡು ನಿಮಿಷ ಹೋಗಿ ಹಾಡು ಮೂರನೇ ಸಲ ಶುರುವಾಗಿದೆ, ವಿಡಿಯೋ ತೆಗೆಯುವ ಗಾನತಂಡದ ಮೇಷ್ಟ್ರಿಗೆ ಬೆಳಕು ಸರಿಬರಲಿಲ್ಲವಂತೆ, ಅಕ್ಕಾ ನೀವು ಸ್ವಲ್ಪ ನಗಿ, ಶಾಂತಿಗೆ ಬಂದು ಜಗಳಕ್ಕೆ ನಿಂತ ಹಾಗಿದೀರಿ.

ನಗಬೇಕಂತೆ. ನಾನು ಬಂದದ್ದು ನಗುವುದಕ್ಕಲ್ಲ, ತಮ್ಮನ ಹೆಸರು ಹೇಳುವುದಕ್ಕೆ, ಆರು ವರ್ಷವಾಯಿತು, ನಮ್ಮ ಬೀದಿಯ ಗಲಾಟೆಯಲ್ಲಿ ಅವನನ್ನು ಬಡಿದು ಕೊಂದು. ವರ್ಷಕ್ಕೊಮ್ಮೆ ಚರ್ಚಿನಲ್ಲಿ ಸತ್ತವರ ಪಟ್ಟಿ ಓದುವಾಗ ಅವನೊಬ್ಬನ ಹೆಸರು ಬಿಡುತ್ತಾರೆ, ಬಡಿದವರ ಮನೆಯವರು ಮೂರನೇ ಬೆಂಚಿನಲ್ಲಿ ಕೂರುತ್ತಾರಲ್ಲ, ಅವರ ಕಿವಿಗೆ ಬೀಳಬಾರದು. ಹಳೇದನ್ನ ಕೆದಕಿದ್ರೆ ಶಾಂತಿ ಕೆಡುತ್ತೆ ಮಗಳೇ, ಯಾತ್ರೆಗೆ ಬಾ, ಅಲ್ಲಿ ಗೋಡೆ ಮುಂದೆ ಹೇಳ್ಕೋ, ಅಲ್ಲಿ ಅವನ್ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಎಂದಿದ್ದರು ಪಾದ್ರಿಗಳು. ಯಾರಿಗೂ ಗೊತ್ತಾಗಲ್ಲ — ಅದಕ್ಕೂ ತಲೆಯಾಡಿಸಿದೆನಲ್ಲ, ಸಮುದ್ರ ದಾಟಿ ಬಂದೆನಲ್ಲ, ಅವನ ಹೆಸರಿನ ಮೇಲೆ ಪಾದ್ರಿಗಳು ಹೊದಿಸಿದ ಶಾಂತಿಯೂ ಇಂಥದೇ ಬಟ್ಟೆ, ಅದಕ್ಕೂ ಅಂಚು ಮಡಚಿ ಹೊಲಿದುಕೊಟ್ಟವಳು ನಾನೇ, ಮತ್ತೆ ಆ ಉಬ್ಬು, ಈಗ ಸಾಲು ತಪ್ಪಿದೆ, ಬೇರೆ ಯಾರದೋ ಮಗನ ಮೇಲೆ ಅಲೆಯುತ್ತಿದೆ, ಬಸ್ಸು ಹೋಗುತ್ತದೆ, ಹಾಡು ಮುಗಿಯುವುದಿಲ್ಲ. ಕಾಲು ಯಾವಾಗ ನಡೆಯಿತೋ, ಬ್ಯಾನರು ಕಟ್ಟಿದ ಕಂಬದ ಹತ್ತಿರ ಇದ್ದೇನೆ, ಹಗ್ಗದ ಗಂಟು ನನ್ನದೇ, ಬಿಚ್ಚದ ಗಂಟು, ಕತ್ತರಿಯನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಂಡರು, ಉಗುರಿಗೆ ಬಗ್ಗುತ್ತಿಲ್ಲ, ಹಲ್ಲು ಹಾಕಿದೆ, ಮಣ್ಣಿನ ರುಚಿ. ಅಕ್ಕಾ ಏನ್ ಮಾಡ್ತಿದೀರಿ, ಮೇಷ್ಟ್ರ ದನಿ, ಹಾಡು ನಿಂತಿತು, ಪಾದ್ರಿಗಳ ದನಿ, ಮೆತ್ತಗೆ, ಜಾಣತನದ ದನಿ, ಅದನ್ನ ಬಿಡು ಮಗಳೇ, ಬಾ ಇಲ್ಲಿ, ಈಗ ನಿನ್ನ ಸರದಿ, ತಮ್ಮನ ಹೆಸರು ಹೇಳು. ಈಗ ನೆನಪಾಯಿತು ಅವರಿಗೆ, ನನ್ನ ಬಾಯ್ತುಂಬ ಹಗ್ಗ ಇರುವಾಗ, ಬಿಟ್ಟರೆ ಹೆಸರು, ಕಚ್ಚಿದರೆ — ಕಚ್ಚಿದೆ, ಎಳೆ ಹರಿಯಿತು, ಇನ್ನೊಂದು ಎಳೆ, ಸರಪಳಿ ಕಲ್ಲಿನ ಮೇಲೆ ಧಡ್ಡೆಂದು ಬಿತ್ತು, ಬಟ್ಟೆಯಿಲ್ಲದ ಗೋಡೆ, ಬಿಸಿಲು, ಬೆರಳು, ಒಂದು ಸಾಲು ಕೆಳಗಿಳಿಯಿತು, ಒಂದು ಅಕ್ಷರ, ಇನ್ನೊಂದು, ನಿಂತಿತು, ಬೆರಳು.