ಭಾವ ಕೇಳಿಸಿಕೊಂಡ ‘ಆಯ್ತು’

“ಈ ಹಳೇವನ್ನ ಯಾರು ಮುಟ್ಟಿದ್ದು?”

ಕೇಳಿದ್ದು ನಾನೇ, ಯಾರನ್ನೂ ಅಲ್ಲ. ಬೆಳಗ್ಗೆ ಬಂದು ಚೀಲ ಕೆಳಗಿಡುವ ಮೊದಲೇ ಗೋಡೆಯ ಪರದೆ ಕಣ್ಣಿಗೆ ಬಿದ್ದಿತ್ತು. ಹಾಲಿನ ಡೈರಿಯ ಸಾಲಿನಲ್ಲಿ ಹಸಿರಿರಬೇಕಾದ ಕಡೆ ಕೆಂಪು. ಹಾಲು ತೂಗುವಲ್ಲಿ, ಪರೀಕ್ಷಿಸುವಲ್ಲಿ ಇಟ್ಟ ಕಂಪ್ಯೂಟರುಗಳಲ್ಲಿ ಒಂದೂ ಉಸಿರಾಡುತ್ತಿರಲಿಲ್ಲ.

ಬೇರೆಯವರ ಕಂಪ್ಯೂಟರುಗಳನ್ನು ದೂರದಿಂದ ನೋಡಿಕೊಳ್ಳುವುದು ನಮ್ಮ ಕೆಲಸ. ಪ್ರತಿಯೊಂದರಲ್ಲೂ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಮೊಂದು ಕಾವಲುಗಾರನಂತೆ ಕೂತು ಒಳಗಿನ ಸ್ಥಿತಿಗತಿಯನ್ನು ನಮಗೆ ತಿಳಿಸುತ್ತಿರುತ್ತದೆ. ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಎಲ್ಲ ಕಡೆಗೂ ಕಳಿಸಬೇಕು. ವಿಂಡೋಸ್ ಯಂತ್ರಗಳು ಒಮ್ಮೆ ಆರಿಸಿ ಹಚ್ಚಿದರೆ ಒಪ್ಪಿಕೊಳ್ಳುತ್ತವೆ. ಮ್ಯಾಕ್‌ಗಳಿಗೆ ಎದುರು ಕೂತವರ ಅನುಮತಿ ಬೇಕು. ಅದಕ್ಕಾಗಿ ಅವರನ್ನು ಕಾಡಿ ಬೇಡುವ ನಮ್ಮ ತಂಡದವನಿಗೆ, ಆ ಯಂತ್ರಗಳ ಮೇಲಿನ ಸೇಬಿನ ಗುರುತು ನೋಡಿ, ನಾವಿಟ್ಟ ಹೆಸರು ಸೇಬಣ್ಣ. ಲಿನಕ್ಸ್ ನನ್ನ ಪಾಲು. ಡೈರಿಯ ಆಫೀಸಿನಲ್ಲಿ ಉಳಿದೆರಡು ಥರದವೂ ಇದ್ದವು, ಹಾಲು ತೂಗುವ, ಪರೀಕ್ಷಿಸುವ ಕಡೆ ಇದ್ದದ್ದು ಮಾತ್ರ ತೀರ ಹಳೇ ಲಿನಕ್ಸ್. ತಳದ ಕೆಲವು ಭಾಗಗಳನ್ನು ಮೊದಲು ಬದಲಿಸದೆ ಹೊಸ ಏಜೆಂಟನ್ನು ಕೂರಿಸಿದರೆ ಕಾವಲುಗಾರನೇ ಮನೆಯ ತೊಲೆ ಕೆಡವಿದಂತೆ. ಯಂತ್ರ ತಾನಾಗಿ ಮತ್ತೆ ಏಳುವುದಿಲ್ಲ. ಅದಕ್ಕೇ ಕಳಿಸುವ ಮೊದಲು ಅವನ್ನು ನಾನು ಪರೀಕ್ಷೆ ಮಾಡಿ ನೋಡಬೇಕು.

ಇದು ಭಾವನಿಗೂ ಗೊತ್ತು. ಭಾವ ಎಂದರೆ ಅಕ್ಕನ ಗಂಡ, ನಮ್ಮ ತಂಡದ ಮುಖ್ಯಸ್ಥರು, ನನಗೆ ಈ ವಿದ್ಯೆ ಕಲಿಸಿದವರು. ನಾನು ಆಫೀಸಿನಲ್ಲೂ ಬಾಯಿತಪ್ಪಿ ಭಾವ ಅಂದು ಅಂದು, ಈಗ ಕಾಫಿ ತಂದುಕೊಡುವವರಿಗೂ ಅವರು ಭಾವನೇ.

ನಮ್ಮ ಕೋಣೆಗೆ ಅವರೇ ಮಾಡಿದ ಒಂದು ಕಟ್ಟಳೆ ಇತ್ತು. ‘ಆಯ್ತು’ ಅಂದರೆ ‘ಸರಿ, ಮಾಡ್ತೀನಿ’ ಎಂದಷ್ಟೇ. ಮಾಡಿಯಾದ ಮೇಲೆ ‘ಮುಗೀತು’ ಅನ್ನಬೇಕು. ಹಿಂದೊಮ್ಮೆ ಸೇಬಣ್ಣನ ‘ಆಯ್ತು’ವನ್ನು ಯಾರೋ ತಪ್ಪು ತಿಳಿದು ಒಂದು ಶಾಲೆಯ ಕಂಪ್ಯೂಟರುಗಳನ್ನೆಲ್ಲ ಮಲಗಿಸಿದ್ದರು. “ಒಂದು ಮಾತಿಗೆ ಎರಡು ಬಾಗಿಲಿದ್ರೆ ಕಳ್ಳನ್ನ ಯಾವ ಬಾಗಿಲಲ್ಲಿ ಕಾಯೋದು?” ಎಂದು ಭಾವ ಆವತ್ತು ನಗಿಸಿದ್ದರು. ಆಮೇಲೆ ನಾವ್ಯಾರೂ ತಪ್ಪಿರಲಿಲ್ಲ.

ನಿನ್ನೆ ಸಂಜೆ ಹೊರಡುವಾಗ ಅವರು ಕೇಳಿದ್ದರು, “ಡೈರಿಯ ಹಳೇವು... ಪರೀಕ್ಷೆ?”

“ಆಯ್ತು ಭಾವ,” ಅಂದಿದ್ದೆ.

ಅಜ್ಜಿ ಮುಂಜಾನೆ ದೇವರ ಮುಂದೆ ಪದ್ಯ ಹೇಳುವುದನ್ನು ಕೇಳುತ್ತ ಬೆಳೆದವಳು ನಾನು. ಉಸಿರನ್ನು ತಪ್ಪಾದ ಕಡೆ ಒಡೆದರೆ ಬೇಡಿಕೆ ಬೈಗುಳವಾಗುತ್ತದೆ ಎಂದು ಅವಳು ತಿದ್ದುತ್ತಿದ್ದಳು. ಹಾಗಿದ್ದೂ ಭಾವ ಆ ಮಾತನ್ನು ಅರ್ಧಕ್ಕೇ ಬಿಟ್ಟದ್ದು ನನ್ನ ಕಿವಿಗೆ ನಾಟಲಿಲ್ಲ. ನಂಬಿದವರ ಮಾತನ್ನು ಯಾರು ಅಷ್ಟು ಸೋಸಿ ಕೇಳುತ್ತಾರೆ?

ಡೈರಿಗೆ ಫೋನು ಮಾಡಿದೆ. ತೂಕದ ಕಟ್ಟೆಯ ಹೆಂಗಸು ಎತ್ತಿಕೊಂಡಳು. ಹಿಂದೆ ಲಾರಿಗಳ ಹಾರನ್ನು.

“ಇನ್ನೂ ಎಷ್ಟು ಹೊತ್ತಮ್ಮ? ಗೇಟಿಂದಾಚೆ ರಸ್ತೆವರೆಗೂ ಟ್ಯಾಂಕರ್ ನಿಂತಿದಾವೆ. ಮನುಷ್ಯರಾದ್ರೆ ಕಾಯ್ತಾರೆ, ಹಾಲಿಗೆ ಕಾಯೋಕೆ ಬರಲ್ಲ.”

ಅವಳ ಕೈಯಿಂದಲೇ ಒಂದೊಂದಾಗಿ ಯಂತ್ರಗಳನ್ನು ಎಬ್ಬಿಸಿದೆ. ಅವಳು ಬೈಯುತ್ತಲೇ ಹೇಳಿದ್ದನ್ನೆಲ್ಲ ಮಾಡಿದಳು. ಕೊನೆಯದು ಎದ್ದಾಗ ಬಿಸಿಲು ನೆತ್ತಿಗೇರಿತ್ತು. ಅರ್ಧಕ್ಕರ್ಧ ಟ್ಯಾಂಕರುಗಳ ಹಾಲು ಕೆಟ್ಟಿತ್ತು.

ಮ್ಯಾನೇಜರ್ ಮೇಡಂ ಭಾವನನ್ನು, ಸೇಬಣ್ಣನನ್ನು, ನನ್ನನ್ನು ಕರೆದರು. “ಅಪ್‌ಗ್ರೇಡ್ ಕಳಿಸಿದ್ದು ಯಾರು?”

“ನಾನೇ ಮೇಡಂ,” ಅಂದರು ಭಾವ, ಮೆಲ್ಲಗೆ. “ಪರೀಕ್ಷೆ ಆಯ್ತಾ ಅಂತ ಕೇಳ್ದೆ. ಇವ್ಳು ಆಯ್ತು ಅಂದ್ಲು. ನಂಬಿ ಕಳಿಸ್ದೆ.”

ನಂಬಿ. ಆ ಮಾತು ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಹೊರಳಿತು. ನಾನು ಸೇಬಣ್ಣನ ಕಡೆ ತಿರುಗಿದೆ. “ಆಯ್ತು ಅಂದ್ರೆ ನಮ್ಮಲ್ಲಿ ಏನರ್ಥ, ನೀವೇ ಹೇಳಿ.”

ಸೇಬಣ್ಣ ತನ್ನ ಕೈಗಡಿಯಾರದ ಪಟ್ಟಿಯನ್ನು ಸರಿಮಾಡಿಕೊಂಡ. “ಅದೇನು ಕಟ್ಟಳೆ ಅಂತಲ್ಲ ಮೇಡಂ. ತಮಾಷೆಗೆ ಏನೋ ಅಂದ್ಕೋತಿದ್ವಿ.”

ಮೇಡಂ ನನ್ನನ್ನೇ ನೋಡಿದರು. “ಮಧ್ಯಾಹ್ನ ಡೈರಿಯವರು ಬರ್ತಾರೆ. ತಪ್ಪು ಯಾರ್ದು ಅಂತ ಅವ್ರಿಗೆ ಹೇಳ್ಬೇಕು. ತಪ್ಪು ಮಾಡಿದವರ ಕೈಗೆ ಇನ್ಮೇಲೆ ಯಾರ ಯಂತ್ರಾನೂ ಕೊಡೋಕಾಗಲ್ಲ.”

ಹೊರಗೆ ಮೆಟ್ಟಿಲ ಹತ್ತಿರ ಭಾವ ನನ್ನನ್ನು ನಿಲ್ಲಿಸಿದರು. ಬೆಳಗಿನಿಂದ ಏನೂ ತಿಂದಿರಲಿಲ್ಲವೇನೋ, ಮುಖ ಬಾಡಿತ್ತು.

“ಊಟ ಆಯ್ತಾ ಪುಟ್ಟಿ?”

“ನಿನ್ನೆ ನಾನಂದಿದ್ದು ನಿಮಗೆ ಹೇಗೆ ಕೇಳಿಸ್ತು ಭಾವ?”

ಅವರು ಕೆಳಗಿನ ಮೆಟ್ಟಿಲನ್ನು ನೋಡುತ್ತ ನಿಂತರು. “ನೀನು ಅಂದ ಹಾಗೇ ಕೇಳಿಸ್ತು. ಇನ್ನೂ ನೋಡಿಲ್ಲ ಅಂತ ಗೊತ್ತಿತ್ತು ಕಣೇ. ಮೂರೂ ಥರದ ಯಂತ್ರದಲ್ಲಿ ಏಜೆಂಟು ಇವತ್ತಿಗೆ ಹೊಸದಾಗಿರುತ್ತೆ ಅಂತ ಡೈರಿಯವ್ರಿಗೆ ಮಾತು ಕೊಟ್ಬಿಟ್ಟಿದ್ದೆ. ನಿನ್ನದೊಂದು ಉಳಿದಿತ್ತು. ಏನೂ ಆಗಲ್ಲ ಅಂದ್ಕೊಂಡೆ.”

“ಏನಾದ್ರೂ ಆದ್ರೆ ಹೇಳೋಕೆ ಇರ್ಲಿ ಅಂತ ನನ್ನ ಬಾಯಿಂದ ಆ ಮಾತು ತೆಗೆಸಿದ್ರಿ.”

ಅಲ್ಲ ಎನ್ನಲಿಲ್ಲ ಅವರು. ಅಲ್ಲ ಎಂದಿದ್ದರೆ ಆಗಲೂ ನಾನು ನಂಬುತ್ತಿದ್ದೆ.

“ನೋಡು, ನೀನಿನ್ನೂ ಚಿಕ್ಕೋಳು, ಬೈದು ಬಿಡ್ತಾರೆ. ಹೆಚ್ಚಂದ್ರೆ ಬೇರೆ ಕೆಲಸಕ್ಕೆ ಹಾಕ್ತಾರೆ. ನನ್ನನ್ನ ಮನೆಗೇ ಕಳಿಸ್ತಾರೆ. ಪರೀಕ್ಷೆ ಮಾಡ್ದೇನೇ ಮಾಡಿದೀನಿ ಅಂದ್ಬಿಟ್ಟೆ ಅಂತ ಒಂದ್ಸಲ ಹೇಳ್ಬಿಡು. ನನಗೋಸ್ಕರ ಬೇಡ, ನಿಮ್ಮಕ್ಕನ ಮುಖ ನೋಡಿ ಹೇಳು.”

“ಇಲ್ಲ ಭಾವ. ಯಾರ ಮುಖ ನೋಡಿನೂ ನಾನು ಹಾಗೆ ಹೇಳಲ್ಲ.”