ದೋಣಿ ಹತ್ತದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಯಾರ ಮಾತನ್ನೂ ಎರಡು ಕಿವಿಯಿಂದ ಕೇಳಿದವಳಲ್ಲ. ಎದುರಿಗೆ ಕೂತವರು ಬಾಯಿ ತೆರೆದರೆಂದರೆ ತಲೆಯನ್ನು ಎಡಕ್ಕೆ ವಾಲಿಸಿ, ಬಲಗಿವಿಯೊಂದನ್ನೇ ಅವರತ್ತ ಚಾಚಿ, ಕಣ್ಣನ್ನು ಅರೆ ಮುಚ್ಚಿ ಕೂತುಬಿಡುತ್ತಿದ್ದಳು. ಹೊಸಬರು ಪಾಪ, ಮುದುಕಿಗೆ ಕಿವಿ ಮಂದವೆಂದುಕೊಂಡು ದನಿ ಏರಿಸುತ್ತಿದ್ದರು. ಮಂದವೂ ಇಲ್ಲ, ಮಣ್ಣೂ ಇಲ್ಲ. ವರ್ಷಾನುಗಟ್ಟಲೆ ಒಂದು ಪುಟ್ಟ ಮೋಟರಿನ ಸದ್ದಿಗೆ ಕಿವಿಗೊಟ್ಟು ಬಂದ ಅಭ್ಯಾಸ ಅದು. ಮಾತಿನ ಅರ್ಥ ಆಮೇಲಿನದು, ಮೊದಲು ಅದರ ಓಟ. ಎಲ್ಲಿ ತಡವರಿಸಿತು, ಎಲ್ಲಿ ಸುಮ್ಮನೆ ಜೋರಾಯಿತು ಎಂಬುದನ್ನು ಹಿಡಿದು, "ಯಾರ ಹತ್ರ ಜಗಳ ಆಡ್ಕೊಂಡು ಬಂದೆ?" ಎಂದು ನನ್ನನ್ನು ಹೊಸ್ತಿಲಲ್ಲೇ ಹಿಡಿದು ಹಾಕಿದ್ದುಂಟು. ಇನ್ನೊಬ್ಬರ ಗಂಟಲಿನ ಗುಟ್ಟು ಇಷ್ಟು ಸಲೀಸಾಗಿ ಬಿಡಿಸುತ್ತಿದ್ದ ಈ ಹೆಂಗಸು ತನ್ನ ಒಳಗಿನದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಆಕೆಗೆ ನೀರೆಂದರೆ ಆಗದು. ಬಂದರಿನ ಬೀದಿಯಲ್ಲೇ ಮದುವೆಯಾಗಿ ಬಂದು, ಅಲ್ಲೇ ಹೊಲಿಗೆಯ ಅಂಗಡಿಯಿಟ್ಟು, ಅಲ್ಲೇ ಮಗಳನ್ನು ಹೆತ್ತು ಸಾಕಿದರೂ ದೋಣಿಗೆ ಒಂದು ಕಾಲನ್ನೂ ಇಟ್ಟಿರಲಿಲ್ಲ. ದೊಡ್ಡಪ್ಪನೋ, ಬದುಕಿನುದ್ದಕ್ಕೂ ಊರವರ ನೆಲ ಅಳೆದು ಬೇಸತ್ತ ಭೂಮಾಪಕರು, ನಿವೃತ್ತಿಯಾದ ಮಾರನೆಯ ವಾರವೇ ಅಳೆಯಲಾಗದ್ದೇನೋ ಬೇಕೆಂದು ಪುಟ್ಟದೊಂದು ಹಾಯಿದೋಣಿ ಕೊಂಡರು. ಜೊತೆಗೆ ಹಿಂಬದಿಗೆ ತೂಗುಹಾಕುವ ಮೋಟರೊಂದು ಬಂತು. ಹಾಯಿಯ ಹುಚ್ಚು ಹಿಡಿದವರಿಗೆ ಮೋಟರೆಂದರೆ ಗಟ್ಟಿ ಕಾಲಿನವನ ಕೈಗೆ ಊರುಗೋಲು ಕೊಟ್ಟಂತೆ. ಅವರು ಅದನ್ನು ತಿರುಗಿಯೂ ನೋಡಲಿಲ್ಲ. ಉಪ್ಪುನೀರು ತನ್ನ ಕೆಲಸ ತಾನು ಮಾಡಿತು. ಒಂದು ಸಂಜೆ ಗಾಳಿ ಬಿದ್ದು, ತುಕ್ಕು ಹಿಡಿದ ಮೋಟರು ಏನೆಳೆದರೂ ಮಿಸುಕದೆ, ಮೀನುಗಾರರ ಹಗ್ಗಕ್ಕೆ ಕಟ್ಟಿಸಿಕೊಂಡು ಅವರು ದಡ ಸೇರಬೇಕಾಯಿತು. ದೊಡ್ಡಮ್ಮ ಬೈಯಲಿಲ್ಲ, ಅಳಲಿಲ್ಲ. ಬೆಳಗೆದ್ದು ಮೋಟರನ್ನು ಹಿತ್ತಿಲಿಗೆ ತರಿಸಿ, "ಇನ್ಮೇಲೆ ಇದು ನನ್ನ ಕೆಲಸ" ಎಂದಳು. ಹೊಲಿಗೆ ಯಂತ್ರಗಳ ಹೊಟ್ಟೆ ಬಗೆದು ಪಳಗಿದ ಕೈ, ಕಲಿಯಲು ತಡವಾಗಲಿಲ್ಲ.

ಅಲ್ಲಿಂದ ಮುಂದೆ ಹಿತ್ತಿಲಿನ ಸಿಹಿನೀರಿನ ಪೀಪಾಯಿಯೇ ಆ ಮನೆಯ ಕೇಂದ್ರವಾಯಿತು. ದೊಡ್ಡಪ್ಪ ಪ್ರತಿ ಸಲ ಮರಳಿದಾಗಲೂ, ಮೋಟರು ಬಳಸಿರಲಿ ಬಿಡಲಿ, ಅದು ಪೀಪಾಯಿಗೆ ಇಳಿಯಲೇಬೇಕು. ದೊಡ್ಡಪ್ಪನ ಹಳೆಯ ಕಂದು ಕೋಟು ತೊಟ್ಟು, ತೋಳನ್ನು ಮೊಣಕೈಗೆ ಮಡಿಸಿ ಆಕೆ ಮೋಟರು ಚಾಲೂ ಮಾಡುವ ಹಗ್ಗ ಎಳೆಯುತ್ತಿದ್ದಳು. ಪಕ್ಕದ ಸಣ್ಣ ರಂಧ್ರದಿಂದ ಚಿಮ್ಮುವ ನೀರಿಗೆ ಬೆರಳೊಡ್ಡಿ, ಬೆಚ್ಚಗಿದೆಯೇ, ಧಾರೆ ತುಂಡಾಗದೆ ಬರುತ್ತಿದೆಯೇ ಎಂದು ನೋಡುವಳು. ಒಳಗಿನ ಉಪ್ಪೆಲ್ಲ ತೊಳೆದುಹೋಯಿತೆಂದು ಖಾತ್ರಿಯಾದ ಮೇಲೆ ಪೆಟ್ರೋಲಿನ ಕೊಳವೆ ಕಿತ್ತು, ಉಳಿದದ್ದನ್ನು ಕುಡಿದು ಅದು ತಾನಾಗಿ ನಿಲ್ಲುವವರೆಗೂ ಕಾಯುವಳು. ಸ್ವಿಚ್ಚು ಒತ್ತಿ ನಿಲ್ಲಿಸಬಾರದೇ ಎಂದರೆ, "ಊಟದ ಮಧ್ಯೆ ಎಬ್ಬಿಸಿದ್ರೆ ಹೊಟ್ಟೇಲಿ ಹಳಸುತ್ತೆ" ಎಂಬ ಉತ್ತರ. ಆ ಕೋಟಿನ ಜೇಬಿಗೆ ಕೈಹಾಕಿದವರಿಗೆ ಗ್ರೀಸಿನ ಡಬ್ಬಿ, ಹಳೆ ಹಲ್ಲುಜ್ಜುವ ಬ್ರಷ್ಷು, ಬಾಗಿದ ಪಿನ್ನು, ಒಮ್ಮೊಮ್ಮೆ ಅರ್ಧ ತಿಂದ ಬಿಸ್ಕತ್ತು ಸಿಗುತ್ತಿತ್ತು. ಬಿಸ್ಕತ್ತಿಗೂ ಗ್ರೀಸಿನದೇ ವಾಸನೆ.

ನೀರನ್ನು ತಳ್ಳಿ ದೋಣಿ ನಡೆಸುವ ಪ್ರೊಪೆಲ್ಲರನ್ನು ಆಕೆ ಫ್ಯಾನು ಎನ್ನುತ್ತಿದ್ದಳು. ಅದರ ಬುಡಕ್ಕೆ ಮೀನುಗಾಳದ ದಾರ ಸುತ್ತಿಕೊಂಡರೆ ಒಳಗಿನ ರಬ್ಬರು ಕತ್ತರಿಸಿಹೋಗುತ್ತದೆ, ನೀರು ಎಣ್ಣೆಗೆ ಸೇರುತ್ತದೆ, ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಗಿಯರಿನ ಕತೆ ಮುಗಿಯಿತು. ಆದ್ದರಿಂದ ತೊಳೆದ ಮೋಟರು ಮರಳಿ ದೋಣಿಗೇರಿದ ಮೇಲೆ, ದೋಣಿಯ ಹಿಂಬದಿಯನ್ನು ಬಂದರುಕಟ್ಟೆಯ ಮೆಟ್ಟಿಲಿಗೆ ಒತ್ತಿ ಕಟ್ಟಿಸಿ, ನೀರಿಗೆ ಬೆನ್ನುಮಾಡಲಾಗದ ಸಂಕಟದಲ್ಲೇ ಮೆಟ್ಟಿಲ ಮೇಲೆ ಕೂತು, ಮೇಲೆತ್ತಿದ ಮೋಟರಿನ ನಟ್ಟು ಸಡಿಲಿಸಿ ಫ್ಯಾನನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಇಷ್ಟೆಲ್ಲ ಏಕೆಂದು ನಾನೊಮ್ಮೆ ಕೇಳಿದೆ. "ಹಾಯಿ ಇರೋದು ಹೋಗೋಕೆ. ಇದಿರೋದು ಬರೋಕೆ" ಎಂದು ಫ್ಯಾನಿನ ಅಂಚನ್ನು ಒರೆಸಿದಳು. ಗಂಡನ ಮೇಲಿನ ಪ್ರೀತಿಯ ವಿಷಯದಲ್ಲಿ ನನಗೆ ತಿಳಿದಂತೆ ಆಕೆ ಆಡಿದ ಅತಿ ದೊಡ್ಡ ಭಾಷಣ ಅದು.

ಹೀಗೆ ನಡೆದುಕೊಂಡು ಹೋಗುತ್ತಿತ್ತು, ದೊಡ್ಡಪ್ಪನ ಕಣ್ಣು ಕೈಕೊಡುವವರೆಗೆ. ಮೊದಮೊದಲು ದೂರದ ತೇಲುಗುರುತುಗಳು ಮಸುಕಾದವು, ಆಮೇಲೆ ಹತ್ತಿರದವೂ. ವೈದ್ಯರು ಇನ್ನು ಹೆಚ್ಚು ಮಾಡುವುದಕ್ಕಿಲ್ಲವೆಂದರು. ಅವರು ಮಾತ್ರ, ಗಾಳಿ ಕೆನ್ನೆಗೆ ತಿಳಿಯುತ್ತದೆ, ಅದಕ್ಕೆ ಕಣ್ಣೇಕೆ ಎಂದು ದೋಣಿಯ ದಾರಿ ಹಿಡಿಯುತ್ತಲೇ ಇದ್ದರು. ಒಂದು ದಿನ ನಿಂತ ಹಡಗೊಂದಕ್ಕೆ ಉಜ್ಜಿಕೊಂಡು ಬಂದ ಸುದ್ದಿ ಕೇಳಿ ಮಗಳು, ಅಂದರೆ ನಮ್ಮಕ್ಕ, ಗಂಡನ ಮನೆಯಿಂದ ಓಡಿಬಂದಳು. ಅಡುಗೆಮನೆಯಲ್ಲಿ ನಾವು ಮೂವರೇ ಇದ್ದೆವು.

"ಅಮ್ಮಾ, ನೀನೊಂದು ಮಾತು ಹೇಳು. ನನ್ನ ಮಾತಂತೂ ಅಪ್ಪ ಕಿವಿ ಮೇಲೆ ಹಾಕ್ಕೊಳಲ್ಲ."

ದೊಡ್ಡಮ್ಮ ಪಾತ್ರೆಯ ತಳ ಉಜ್ಜುತ್ತಲೇ ಇದ್ದಳು.

"ಹೇಳಕ್ಕಾಗಲ್ಲ ಅಂದ್ರೆ ಆ ಮೋಟರನ್ನ ತೊಳೀಬೇಡ. ತಾನಾಗೇ ಕೆಟ್ಟುಹೋಗ್ಲಿ. ಆಗಾದ್ರೂ ಮನೇಲಿರ್ತಾರೆ."

"ಮೋಟರು ಕೆಟ್ರೆ ನಿಮ್ಮಪ್ಪ ನಿಲ್ತಾರಾ? ಹೋಗೇ ಹೋಗ್ತಾರೆ. ವಾಪಸ್ ಬರೋದು ನಿಲ್ಲುತ್ತೆ ಅಷ್ಟೆ."

ಅಕ್ಕ ಸೆಟೆದುಕೊಂಡು ಹೊರಟುಹೋದಳು. ಆದರೆ ಮಾತು ಉಳಿದುಕೊಂಡಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೋಟರೂ ಕೆಡಬಾರದು, ಗಂಡನೂ ಹೋಗಬಾರದು, ತಾನು ಬಾಯಿಬಿಟ್ಟು ಬೇಡಲೂಬಾರದು. ಈ ಮೂರಕ್ಕೂ ಹೊಂದುವ ಉಪಾಯವೊಂದು ಆಕೆಗೆ ಹೊಳೆಯಿತು. ಕಣ್ಣು ಮಂಜಾದ ಮೇಲೆ ದೊಡ್ಡಪ್ಪ ಇಕ್ಕಟ್ಟಾದ ಬಂದರಿನಿಂದ ಮೋಟರು ಹಾಕಿಕೊಂಡೇ ಹೊರಬೀಳುತ್ತಿದ್ದರು. ಬಯಲಿಗೆ ಬಂದ ಮೇಲಷ್ಟೇ ಹಾಯಿ. ಒಂದು ಬೆಳಗ್ಗೆ ಅವರಿಗಿಂತ ಮೊದಲೇ ಕಟ್ಟೆಗೆ ಹೋಗಿ, ಫ್ಯಾನು ಬಿಚ್ಚಿ, ಅದಿಲ್ಲದ್ದು ಕಾಣದಿರಲೆಂದು ಮೋಟರನ್ನು ನೀರಿಗೆ ಇಳಿಸಿಟ್ಟು ಬಂದಳು. ಎಳೆಯುತ್ತಾರೆ, ಮೋಟರು ಓಡುತ್ತದೆ, ದೋಣಿ ಕದಲುವುದಿಲ್ಲ, ಗೊಣಗಿಕೊಂಡು ಮನೆಗೆ ಬರುತ್ತಾರೆ. ಒಂದು ವಾರ ದೂಡಬಹುದು, ಆಮೇಲಿನದು ಆಮೇಲೆ.

ಮೋಟರಿನ ಕರುಳೆಲ್ಲ ಬಲ್ಲ ದೊಡ್ಡಮ್ಮನಿಗೆ ಗಾಳಿಯ ಗಂಧವಿರಲಿಲ್ಲ. ಅಂದು ಗಾಳಿ ನೆಲದ ಕಡೆಯಿಂದ ಹದವಾಗಿ ಬೀಸುತ್ತಿತ್ತು. ಹಾಯಿಯವರಿಗೆ ಅದು ಬಾಗಿಲಲ್ಲಿ ಬಂದು ನಿಂತ ಬಂಡಿ. ಮೋಟರು ಇಳಿಸಿಟ್ಟದ್ದನ್ನು ಕಂಡ ದೊಡ್ಡಪ್ಪ, ಹೆಂಡತಿ ಎಲ್ಲ ಸಿದ್ಧಮಾಡಿದ್ದಾಳೆಂದು ನೆಮ್ಮದಿಯಿಂದ, ಅದನ್ನು ಮುಟ್ಟದೆ, ಕಟ್ಟೆಯಿಂದಲೇ ಹಾಯಿ ಬಿಚ್ಚಿ ಹೊರಟುಬಿಟ್ಟರು.

ಊಟದ ಹೊತ್ತಾದರೂ ಗೊಣಗಾಟ ಕೇಳಿಸದಿದ್ದಾಗ ದೊಡ್ಡಮ್ಮ ಒಲೆ ಆರಿಸಿ ಕೋಟು ತೊಟ್ಟಳು. ಕೈಚೀಲ ಹೆಗಲಿಗೆ ಹಾಕಿ, "ಬಾ ನನ್ನ ಜೊತೆ" ಎಂದಳು. ಯಾವಾಗಲೂ ನೆಲ ನೋಡಿಕೊಂಡು, ಹೆಜ್ಜೆ ಒತ್ತಿ ನಡೆಯುವವಳು ಅಂದು ಬೀದಿಯುದ್ದಕ್ಕೂ ಎಡವಿದಳು. ಕಟ್ಟೆಯಲ್ಲಿ ಗಾಳಿ ಸತ್ತುಹೋಗಿತ್ತು. ಆಚೆ, ಅಲೆತಡೆಯ ಬಂಡೆಗಳಿಗೆ ಕೂಗಳತೆಯಲ್ಲಿ, ಜೋತುಬಿದ್ದ ಹಾಯಿಯ ನಮ್ಮ ದೋಣಿ; ಇಳಿಯುತ್ತಿದ್ದ ನೀರು ಅದನ್ನು ಮೆಲ್ಲಗೆ ಬಂಡೆಗಳತ್ತ ಸೆಳೆಯುತ್ತಿತ್ತು. ಅಷ್ಟರಲ್ಲಿ ಮೋಟರಿನ ಸದ್ದು ಬಂತು. ಮೊದಲ ಎಳೆತಕ್ಕೇ ಹತ್ತಿಕೊಂಡು, ಒಂದಿಷ್ಟೂ ತಡವರಿಸದೆ, ನುಣ್ಣಗೆ ಓಡುತ್ತಿತ್ತು. ಅಷ್ಟು ಚೆಂದದ ಸದ್ದನ್ನು ನಾನು ಆ ಬಂದರಿನಲ್ಲಿ ಕೇಳಿರಲಿಲ್ಲ. ದೋಣಿ ಮಾತ್ರ ಇದ್ದಲ್ಲೇ ಇತ್ತು. ದೊಡ್ಡಮ್ಮ ಕೈಚೀಲವನ್ನು ಎದೆಗವಚಿಕೊಂಡಳು; ಒಳಗೆ ಏನಿದೆಯೆಂದು ನನಗೆ ತಿಳಿದದ್ದು ಆಗ.

ಕಟ್ಟೆಯಲ್ಲಿದ್ದದ್ದು ಒಬ್ಬ ಅಂಬಿಗ, ಅವನದೊಂದು ಹುಟ್ಟುಹಾಕುವ ಸಣ್ಣ ದೋಣಿ. ದೊಡ್ಡಮ್ಮ ಚೀಲದಿಂದ ಫ್ಯಾನು ತೆಗೆದು ಅವನಿಗೆ ತೋರಿಸಿದಳು. ಈ ಸೆಳೆತಕ್ಕೆದುರಾಗಿ ಹಾಯಿದೋಣಿಯನ್ನು ಎಳೆದು ತರುವುದು ನನ್ನಿಂದಾಗದು ಎಂದ ಅವನು, "ಫ್ಯಾನ್ ಕೊಡಿ ಅಮ್ಮ, ಯಜಮಾನ್ರ ಕೈಗೆ ಮುಟ್ಟಿಸ್ತೀನಿ" ಎಂದು ಕೈಚಾಚಿದ.

"ಅವರಿಗೆ ಫ್ಯಾನು ಕೂರಿಸೋ ಪಿನ್ನಿನ ತೂತು ಕಾಣಲ್ಲಪ್ಪ" ಎಂದ ದೊಡ್ಡಮ್ಮ ಒಂದು ಗಳಿಗೆ ನೀರನ್ನು ನೋಡಿ, ಕಣ್ಣು ಮುಚ್ಚಿ, ದೋಣಿಗೆ ಕಾಲಿಟ್ಟಳು.

ಹೋಗುವಷ್ಟು ಹೊತ್ತೂ ಆಕೆ ಕಣ್ಣು ತೆರೆಯಲಿಲ್ಲ. ನನಗೆ ವಹಿಸಿದ ಕೆಲಸ ಕೋಟಿನ ಕಾಲರನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಳ್ಳುವುದು. ಹತ್ತಿರವಾದಂತೆ ದೊಡ್ಡಪ್ಪ ನಮ್ಮ ಸದ್ದಿನ ಕಡೆ ಮುಖ ತಿರುಗಿಸಿದರು.

"ಯಾರಪ್ಪಾ ಅದು? ಮೋಟರು ಓಡ್ತಿದೆ, ದೋಣಿ ಅಲ್ಲಾಡ್ತಿಲ್ಲ ನೋಡಿ."

"ನಾನು. ಆಫ್ ಮಾಡಿ ಮೇಲಕ್ಕೆತ್ತಿ."

ಅವರು ಮೋಟರು ನಿಲ್ಲಿಸಿ ಮೇಲಕ್ಕೆ ಎತ್ತಿದರು. ದೊಡ್ಡಮ್ಮ ಆಗ ಕಣ್ಣು ತೆರೆದಳು. ಆಮೇಲೆ ಆಕೆಯ ಪಾಲಿಗೆ ಲೋಕದಲ್ಲಿ ಉಳಿದದ್ದು ಮೋಟರಿನ ಆ ದಂಡ, ಆ ತೂತು, ಆ ಪಿನ್ನು. ಬಂಡೆಗೆ ಬಡಿಯುವ ನೀರಿನ ಹನಿ ನಮ್ಮ ಮೇಲೆ ಬೀಳುತ್ತಿತ್ತು. ಪಿನ್ನು ಕೂತಿತು, ಫ್ಯಾನು ದಂಡ ಸೇರಿತು, ನಟ್ಟು ಬಿಗಿಯಾಯಿತು.

"ಬಿದ್ದುಹೋಗಿತ್ತೇನೇ ಫ್ಯಾನು?" ಎಂದರು ದೊಡ್ಡಪ್ಪ.

"ಇಲ್ಲ. ನಾನೇ ಬಿಚ್ಚಿಟ್ಟಿದ್ದೆ. ನೀವು ಹೋಗ್ಬಾರ್ದು ಅಂತ."

"ಒಂದು ಮಾತು ಹೇಳಿದ್ರೆ ಮನೇಲಿರ್ತಿದ್ನಲ್ಲೇ."

"ಇರ್ತಿದ್ರಾ?"

ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ಬಂಡೆ ಹತ್ತಿರವಾಗುತ್ತಿದ್ದರೂ ಯೋಚಿಸಿಯೇ ಉತ್ತರ ಕೊಟ್ಟರು. "ಮುಖ ಊದಿಸ್ಕೊಂಡು ಇರ್ತಿದ್ದೆ. ಆದ್ರೆ ಇರ್ತಿದ್ದೆ. ನೀನು ಯಾವತ್ತೂ ಹೇಳ್ಲೇ ಇಲ್ವಲ್ಲ. ದಿನಾ ಮೋಟರು ತೊಳೆದು ಕೊಡ್ತಿದ್ದೆ. ನಾನು ಹೋಗೋದು ನಿಂಗಿಷ್ಟ ಅಂತ್ಲೇ ಅಂದ್ಕೊಂಡಿದ್ದೆ."

ದೊಡ್ಡಮ್ಮನ ಕೈಯಿಂದ ಇಕ್ಕಳ ಜಾರಿ ನೀರಿಗೆ ಬಿತ್ತು. ಆಕೆ ಅದರತ್ತ ನೋಡಲಿಲ್ಲ.

"ಹೋಗ್ಬೇಡಿ" ಎಂದಳು. "ಭಯ ಆಗುತ್ತೆ ನಂಗೆ."

"ಸರಿ" ಎಂದರು ದೊಡ್ಡಪ್ಪ, ಮತ್ತು ಹಗ್ಗ ಎಳೆದರು.

ಅದೇ ಅವರ ಕೊನೆಯ ಯಾನ. ಮುಖ ಊದಿಸಿಕೊಂಡದ್ದು ನಿಜ, ಒಂದು ತಿಂಗಳಿಡೀ. ಕೊಟ್ಟ ಮಾತಿಗೆ ತಪ್ಪಲಿಲ್ಲ.

ದೊಡ್ಡಮ್ಮನಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರ ಮನೆಯ ಬಾಗಿಲು ಕಿರುಗುಟ್ಟುವುದಿಲ್ಲ, ನಲ್ಲಿ ಸೋರುವುದಿಲ್ಲ, ಹೊರಟವರ ಚೀಲದಲ್ಲಿ ಕೊಡೆ ತಪ್ಪುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೆದರಿ, ಹೇಳಬೇಕಾದದ್ದನ್ನೆಲ್ಲ ಕೈಯಿಂದ ಮಾಡಿ ಮುಗಿಸುತ್ತಾರೆ. ಮಾಡಿದ್ದು ಎದುರಿನವರಿಗೆ ತಿಳಿದೇ ತಿಳಿಯುತ್ತದೆಂಬ ಭರವಸೆಯಲ್ಲಿ ಆಯಸ್ಸು ಕಳೆಯುತ್ತಾರೆ. ಎದುರಿನವರು ಅದರ ಅರ್ಥವನ್ನು ತಿರುಗುಮುರುಗಾಗಿ ಓದಿಕೊಂಡಿರಬಹುದೆಂಬ ಅನುಮಾನ ಕೂಡ ಅವರತ್ತ ಸುಳಿಯುವುದಿಲ್ಲ. ಅವರಲ್ಲಿ ಹೆಚ್ಚಿನವರು ಆ ಒಂದು ಮಾತನ್ನು ಹೇಳದೆಯೇ ಹೋಗಿಬಿಡುತ್ತಾರೆ. ನಮ್ಮ ದೊಡ್ಡಮ್ಮ ಹೇಳಿದಳು. ಅದಕ್ಕಾಗಿ ಅವಳು ನೀರಿನ ನಡುವಿಗೆ ಹೋಗಬೇಕಾಯಿತು.