ಕತ್ತಲಿಗಿಟ್ಟ ಗಾಜು

ಟಕ್ ಎಂದು ಬೀರುವಿನ ಚಿಲಕ ಸರಿದ ಸದ್ದಿಗೆ ಸೊಸೆ ಎದ್ದು ಕೂತಳು. ಮಾವನ ದೇಹ ಹಜಾರದಲ್ಲಿತ್ತು, ಬೆಳಗಾದರೆ ಮಣ್ಣು. ಉಳಿದವರೆಲ್ಲ ಕೂತಲ್ಲೇ ತೂಕಡಿಸುತ್ತಿದ್ದರು. ಒಳಕೋಣೆಯ ಬಾಗಿಲ ಕೆಳಗೆ ಬೆಳಕಿನ ಗೆರೆ ಕಂಡು ಅವಳು ಓಡಿ ಬಾಗಿಲು ತಳ್ಳಿದಳು.

ಅತ್ತೆ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಮುಚ್ಚಳ ಬಿಚ್ಚಿದ ಕಪ್ಪು ತಗಡಿನ ಪೆಟ್ಟಿಗೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಿತ್ತಳೆ ಲೇಪದ, ಬೆರಳುದ್ದದ ಗಾಜು.

"ಅತ್ತೆ! ಆರಿಸಿ ಮೊದಲು!"

"ಇಷ್ಟೇನೇ ಇದು? ಮೂವತ್ತು ವರ್ಷ ಇದಕ್ಕಾ ಕಾವಲು ಕೂತಿದ್ದು?"

"ತೆಗೆದು ಎಷ್ಟು ಹೊತ್ತಾಯ್ತು?"

"ಯಾರಿಗೆ ಗೊತ್ತು. ನೋಡ್ತಾ ಕೂತುಬಿಟ್ಟೆ." ಅತ್ತೆಯ ದನಿ ಇದ್ದಕ್ಕಿದ್ದಂತೆ ಕುಗ್ಗಿತು. "ಹಾಳಾಯ್ತೇನೇ?"

ಸೊಸೆ ಟಾರ್ಚು ಕಸಿದು ಆರಿಸಿದಳು. ಕತ್ತಲಲ್ಲೇ ತಡಕಾಡಿ ಗಾಜನ್ನು ಒಳಗಿಟ್ಟು ಮುಚ್ಚಳ ಬಿಗಿದಳು.

*

ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಆ ಪೆಟ್ಟಿಗೆಯನ್ನು ಮುಚ್ಚಿದ್ದ ಹಾಗೇ ಅವಳಿಗೆ ತೋರಿಸಿದ್ದರು, ಮನೆಯ ಹಿರಿಯರನ್ನು ಪರಿಚಯಿಸುವ ಹಾಗೆ.

"ಆರ್ಸೆನಿಕ್ಕು, ಗಂಧಕ ಬೆರೆತ ಗಾಜಿನ ಪದರ ಕಣಮ್ಮ. ಚಾಲ್ಕೋಜೆನೈಡ್ ಗಾಜು ಅಂತಾರೆ. ಇದರೊಳಗೆ ಪರಮಾಣುಗಳು ಅವಸರಕ್ಕೆ ಯಾರ್ಯಾರದೋ ಕೈ ಹಿಡ್ಕೊಂಡಿವೆ. ಬೆಳಕು ಬಿದ್ರೆ ಬಿಟ್ಟು ಸರಿಯಾದ ಕೈ ಹಿಡೀತಾವೆ, ಅದು ಎಲ್ಲರಿಗೂ ಗೊತ್ತು. ಬರೀ ಕತ್ತಲಲ್ಲಿ, ಕಾಲ ಕಳೆದಂತೆ, ತಾವಾಗೇ ಹಿಡೀತಾವೆ ಅಂತ ನನ್ನ ವಾದ."

"ಹಿಡಿದಿದ್ದು ಗೊತ್ತಾಗೋದು ಹೇಗೆ ಮಾವ?"

"ರಾಮನ್ ಚದುರಿಕೆಯಿಂದ. ಕೈ ಬಿಡಿಸದಷ್ಟು ಮಂದವಾದ ಕೆಂಪು ಲೇಸರ್ ಬಿಟ್ರೆ, ಕೋಟಿಗೊಂದು ಬೆಳಕಿನ ಕಣ ಬಣ್ಣ ಬದಲಾಯಿಸ್ಕೊಂಡು ವಾಪಸ್ ಬರುತ್ತೆ. ಒಳಗೆ ಯಾರು ಯಾರ ಕೈ ಹಿಡಿದಿದ್ದಾರೆ ಅಂತ ಚಾಡಿ ಹೇಳುತ್ತೆ. ಇದರ ಜೊತೆಯ ಚೂರನ್ನ ಆಗಲೇ ಅಳೆದಾಗಿದೆ. ಇದನ್ನ ಮೂವತ್ತು ವರ್ಷ ತುಂಬಿದ ಮೇಲೆ."

"ಅದು ನನ್ನ ಸವತಿ," ಅಡುಗೆಮನೆಯಿಂದಲೇ ಅತ್ತೆ ಕೂಗಿದ್ದರು. "ನನಗಿಂತ ಒಳ್ಳೇ ಬೀರು ಅದಕ್ಕೆ!"

*

"ಭಾವ ಹಾಲು ಕಾಯ್ಸೋಕೂ ಥರ್ಮಾಮೀಟರ್ ಅದ್ದೋರು," ಎಂದರು ಬೆಳಿಗ್ಗೆ ದೇಹದ ಬಳಿ ಕೂತಿದ್ದ ಅತ್ತೆಯ ತಮ್ಮ. ಅಳುತ್ತಿದ್ದವರೂ ನಕ್ಕರು.

"ಬಡ್ತಿ ಸಿಗಲೇ ಇಲ್ವಂತೆ, ಪಾಪ," ಪಕ್ಕದ ಮನೆಯಾಕೆ ಪಿಸುಗುಟ್ಟಿದಳು.

"ಎಲ್ಲಿಂದ ಸಿಗಬೇಕು? ಆ ಪೆಟ್ಟಿಗೆ ವಿಷಯಕ್ಕೆ, ಮೊಟ್ಟೆ ಮರಿಯಾಯ್ತೇನ್ರೀ ಅಂತ ಕೆಲಸದ ಜಾಗದಲ್ಲೆಲ್ಲ ಆಡ್ಕೊಳ್ಳೋರು," ಎಂದಳು ಇನ್ನೊಬ್ಬಾಕೆ.

ಮಾವನ ಶಿಷ್ಯ ಸೊಸೆಯ ಬಳಿ ಬಂದ. ನಿದ್ದೆಗೆಟ್ಟ ಕಣ್ಣು. "ಮೂವತ್ತು ತುಂಬಿತು ಅಕ್ಕ. ಮಣ್ಣು ಮುಗಿಸಿ ಇವತ್ತೇ ನೋಡಿಬಿಡೋಣ. ಇವತ್ತಾದ್ರೆ ಸರ್ ಇನ್ನೂ ಇಲ್ಲೇ ಎಲ್ಲೋ ಇದ್ದ ಹಾಗಿರುತ್ತೆ."

"ಒಂದು ಮಾತು ಹೇಳ್ಬೇಕಿತ್ತು..."

ಅತ್ತೆಯ ಬೆರಳುಗಳು ಅವಳ ಮುಂಗೈಯನ್ನು ಕಚ್ಚಿ ಹಿಡಿದವು. ಅಷ್ಟರಲ್ಲಿ ಗಾಡಿ ಬಂತೆಂದು ಯಾರೋ ಕೂಗಿದರು.

*

ಸಂಜೆ ಅವಳ ಗಂಡ ಅತ್ತೆ ಸೊಸೆ ಇಬ್ಬರನ್ನೂ ಪೆಟ್ಟಿಗೆ ಸಮೇತ ಪ್ರಯೋಗಾಲಯಕ್ಕೆ ಕರೆತಂದ. ಅತ್ತೆ ಒಳಗೆ ಬರಲೊಲ್ಲದೆ ಹೊರಗಿನ ಬೆಂಚಿನ ಮೇಲೆ ಕೂತರು.

ಕತ್ತಲ ಕೋಣೆಯಲ್ಲಿ ಪರದೆಯೊಂದೇ ಮಿನುಗುತ್ತಿತ್ತು. ಅದರಲ್ಲಿ ಜೊತೆಯ ಚೂರಿನ ಹಳೆಯ ಅಳತೆಯ ಗೆರೆ: ಒಂದು ದೊಡ್ಡ ಗುಡ್ಡ, ಪಕ್ಕದಲ್ಲಿ ಸಣ್ಣ ಉಬ್ಬು. ಆ ಉಬ್ಬೇ ತಪ್ಪು ಕೈಗಳ ಗುರುತು ಎಂದ ಶಿಷ್ಯ. ಉಬ್ಬು ಹಾಗೇ ಇರಲಿ, ಏನೂ ಬದಲಾಗದಿರಲಿ ಎಂದು ಅವಳು ಬೇಡಿಕೊಂಡಳು. ಹಾಗಾದರೆ ಟಾರ್ಚಿನ ಮಾತೇ ಏಳುವುದಿಲ್ಲ.

ಹೊಸ ಗೆರೆ ತೆವಳುತ್ತ ಬಂತು. ಗುಡ್ಡ ಹತ್ತಿ ಇಳಿಯಿತು. ಉಬ್ಬಿದ್ದ ಜಾಗದಲ್ಲಿ ನೆಲ ಸಪಾಟಾಗಿತ್ತು.

"ಸರ್ ಹೇಳಿದ್ದೇ ಆಯ್ತು ಅಕ್ಕ!" ಶಿಷ್ಯ ಅಳುತ್ತ ನಗುತ್ತಿದ್ದ. "ಆಡ್ಕೊಂಡೋರೆಲ್ಲ ಬರಲಿ ಈಗ!"

ಮೂವತ್ತು ವರ್ಷದ ಕತ್ತಲು ಮಾಡಿದ್ದೋ, ಒಂದು ರಾತ್ರಿಯ ಟಾರ್ಚು ಮಾಡಿದ್ದೋ? ಗೆರೆ ಅದನ್ನು ಹೇಳಲಾರದು.

ಅವನು ಕಣ್ಣೊರೆಸಿಕೊಂಡ. "ತಪ್ಪು ತಿಳೀಬೇಡಿ, ಬರೆಯೋ ಮುಂಚೆ ಕೇಳಲೇಬೇಕು. ಪೆಟ್ಟಿಗೆ ಮನೇಲಿ ಯಾರೂ ತೆರೆದಿಲ್ಲ ತಾನೆ?"

ಮಾವನಾಗಿದ್ದರೆ ನಿಜ ಹೇಳಿ, ಗಾಜನ್ನು ಆ ಕ್ಷಣವೇ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದಳು.

ಅವಳು ಹೊರಗೆ ಬಂದಾಗ ಅತ್ತೆ ಬೆಂಚಿನಿಂದ ಅರ್ಧ ಎದ್ದರು. "ಹಾಳು ಮಾಡಿದ್ನೇನೇ?"

"ಇಲ್ಲ ಅತ್ತೆ. ಮಾವ ಹೇಳಿದ ಹಾಗೇ ಇತ್ತು."

ಅತ್ತೆ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಗಲಿಗೆ ತಲೆಯಾನಿಸಿ, ಸಾವಿನ ನಂತರ ಮೊದಲ ಬಾರಿಗೆ, ನಿದ್ದೆ ಹೋದರು.

ಕಾರಿಡಾರಿನ ತುದಿಯಿಂದ ಬಂದ ಗಂಡ ಏನಾಯಿತೆಂದು ಹುಬ್ಬಿನಲ್ಲೇ ಕೇಳಿದ. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದ ಅವಳು, ಅತ್ತೆಗೆ ಎಚ್ಚರವಾದೀತು ಎಂಬಂತೆ ತುಟಿಗೆ ಬೆರಳಿಟ್ಟಳು.